ಪ್ರತಿಷ್ಠಾಪನೆ ಮತ್ತು ಕೋಟೇಶ್ವರದ ತಲ್ಲೂರು

ನಮ್ಮ ಚಾಮರಾಜನಗರದ ಕಡೆ ಪ್ರತಿಷ್ಠಾಪನೆ ಅಂದ್ರೆ ಗಣೇಶ. ಪೆಂಡಾಲು, ಮೈಕು, ಪುಳಿಯೋಗರೆ. ಇಂಗ್ಲಿಷಿನ ಇನ್‌ಸ್ಟಲೇಷನ್ ಆರ್ಟ್‌ಗೆ ಕನ್ನಡದಲ್ಲಿ 'ಪ್ರತಿಷ್ಠಾಪನಾ ಕಲೆ' ಅಂತ ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಆದರೆ ಪದದ ಜೊತೆಗೆ ದೇವರನ್ನೂ ಗ್ಯಾಲರಿಯೊಳಕ್ಕೆ ಬಿಟ್ಟುಬಿಟ್ಟರು! ಎಲ್.ಎನ್. ತಲ್ಲೂರು ಅವರ ಕೆಲಸಗಳ ಬಗ್ಗೆ ಓದುತ್ತಾ ಹೋದ ಹಾಗೆ ಆ ಅನುವಾದ ಎಷ್ಟು ಸರಿಯಾಗಿದೆ ಅನ್ನಿಸುತ್ತಾ ಹೋಯ್ತು. ಅದನ್ನೇ ಇಲ್ಲಿ ಬರೀತಿದ್ದೀನಿ.

ತಲ್ಲೂರು ಹುಟ್ಟಿದ್ದು 1971ರಲ್ಲಿ, ಕುಂದಾಪುರದ ಪಕ್ಕದ ಕೋಟೇಶ್ವರದಲ್ಲಿ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಅಂದ್ರೆ ನಮ್ಮೆಲ್ಲರ ಬಾಯಲ್ಲಿ 'ಕಾವಾ'ದಲ್ಲಿ, ಚಿತ್ರಕಲೆ ಓದಿ 1996ರಲ್ಲಿ ಮುಗಿಸಿದರು. (ಆ ಚಾಮರಾಜರು ಹತ್ತನೆಯವರು. ನಮ್ಮೂರಿಗೆ ಹೆಸರು ಕೊಟ್ಟವರು ಒಂಬತ್ತನೆಯವರು. ಅರಿಕುಠಾರವಾಗಿದ್ದ ಊರಿಗೆ ಮುಮ್ಮಡಿಯವರು 1818ರಲ್ಲಿ ತಂದೆಯ ಹೆಸರಿಟ್ಟರು. ಎರಡನ್ನೂ ಕಲಸಿಬಿಡುವವರು ತುಂಬಾ ಜನ, ಅದಕ್ಕೆ ಹೇಳಿದೆ.) ಆಮೇಲೆ ಬರೋಡಾ, ಅಲ್ಲಿ ಮ್ಯೂಸಿಯಾಲಜಿ. ಆಮೇಲೆ ಇಂಗ್ಲೆಂಡಿನ ಲೀಡ್ಸ್. ಆಮೇಲೆ ದಕ್ಷಿಣ ಕೊರಿಯಾ. ಅಲ್ಲೊಂದು ಕಾಲು, ಕರಾವಳಿಯಲ್ಲೊಂದು ಕಾಲು ಇಟ್ಟುಕೊಂಡೇ ಅವರು ಕೆಲಸ ಮಾಡುತ್ತಾ ಬಂದಿದ್ದಾರೆ.

ಚಿತ್ರ ಬಿಡಿಸೋಕೆ ಕಲಿತವನು ಮ್ಯೂಸಿಯಾಲಜಿ ಯಾಕೆ ಓದಬೇಕು? ನನಗೆ ಇವರ ಬದುಕಿನಲ್ಲಿ ಮುಖ್ಯ ಅನ್ನಿಸೋ ತಿರುವು ಇದೇ, ಫಾರಿನ್ನಿಗೆ ಹೋಗಿದ್ದಲ್ಲ. ಗರ್ಭಗುಡಿಯಲ್ಲಿದ್ದರೆ ದೇವರು. ಅದನ್ನೇ ಎತ್ತಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ ಚೀಟಿ ಅಂಟಿಸಿದರೆ 'ಕಂಚು, ಇಂತಿಷ್ಟನೇ ಶತಮಾನ'. ಗುಂಡ್ಲುಪೇಟೆಯ ಪರವಾಸುದೇವ ದೇವಸ್ಥಾನ ಪೂಜೆಯಿಲ್ಲದೆ ಪಾಳುಬಿದ್ದು ನಿಂತಿದ್ದನ್ನು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಅದೇ, ಕಂಬ ಅದೇ, ಆದ್ರೆ ಒಳಗಿದ್ದದ್ದು ಇಲ್ಲ.

2011ರಲ್ಲಿ ಅವರು ಒಂದು ಕೃತಿ ಮಾಡಿದರು, ಹೆಸರು 'ಯೂನಿಕೋಡ್'! ನಾವೆಲ್ಲ ಬರಹ, ನುಡಿ ಅಂತ ಒದ್ದಾಡಿ ಕೊನೆಗೆ ಯೂನಿಕೋಡ್ ಸೇರಿದವರಲ್ವಾ, ಹೆಸರು ನೋಡಿ ಖುಷಿಯಾಯ್ತು :) ಕಂಚಿನ ನಟರಾಜನ ಜ್ವಾಲೆಯ ಪ್ರಭಾವಳಿ ಇದೆ. ಒಳಗೆ ನಟರಾಜ ಮಾತ್ರ ಇಲ್ಲ. ಅವನ ಜಾಗದಲ್ಲಿ ನಾಣ್ಯಗಳು ಹುದುಗಿದ ಕಾಂಕ್ರೀಟಿನ ದೊಡ್ಡ ಉಂಡೆ. ಯಾವ ದೇಶದಲ್ಲಾದರೂ ಯಾರಾದರೂ ಓದಬಲ್ಲ ಲಿಪಿ ಅಂದ್ರೆ ದುಡ್ಡು ಅಂತ ನಾನು ಅರ್ಥ ಮಾಡ್ಕೊಂಡೆ. ನೀವು ಬೇರೆ ಥರ ಓದಬಹುದು.

ಅದಕ್ಕೂ ಮೊದಲು, ಇಂಗ್ಲೆಂಡಿನ ದಿನಗಳ ಹೊತ್ತಿನದು, 'ಮೇಡ್ ಇನ್ ಇಂಗ್ಲೆಂಡ್'. ಭಾರತಕ್ಕೊಂದು ದೇವಸ್ಥಾನದ ವಿನ್ಯಾಸ, ಆದರೆ ಗಾಳಿ ತುಂಬಿ ಉಬ್ಬಿಸುವಂಥದ್ದು. ಗಾಳಿ ಬಿಟ್ಟರೆ ಮಡಚಿ ಒಯ್ಯಬಹುದು. ವಲಸೆ ಹೋದವನಿಗೆ ಇದಕ್ಕಿಂತ ಅನುಕೂಲದ ದೇವಸ್ಥಾನ ಉಂಟೇ! ಇದನ್ನು ಓದಿದಾಗ ನಮ್ಮ ಚಾಮರಾಜನಗರದ ಕರಿಕಲ್ಲು ನೆನಪಾಯ್ತು. ಇಲ್ಲಿನ ಕ್ವಾರಿಗಳಿಂದ ಹಡಗು ಹತ್ತಿದ ಕಲ್ಲು ಹೊರದೇಶಗಳಲ್ಲಿ ಸಮಾಧಿಗಳ ಮೇಲೆ ಯಾರ್ಯಾರದೋ ಹೆಸರು ಹೊತ್ತು ನಿಂತಿದೆ. ಕಲ್ಲಿನ ಊರಿನ ಹೆಸರು ಅದರ ಮೇಲೆ ಯಾರೂ ಕೆತ್ತೋದಿಲ್ಲ. ನಾವು ಕಲ್ಲು ಕಳಿಸಿದೆವು, ಆ ಮನುಷ್ಯ ಅಲ್ಲಿಂದ ಗಾಳಿ ದೇವಸ್ಥಾನ ತಂದ.

'ಕ್ರೊಮಾಟೊಫೋಬಿಯಾ' ಅಂತ ಇನ್ನೊಂದಿದೆ, ದುಡ್ಡಿನ ಭಯ ಅಂತ. ದೊಡ್ಡದೊಂದು ಮರದ ದಿಮ್ಮಿ, ಜೊತೆಗೊಂದು ಸುತ್ತಿಗೆ. ನೋಡಲು ಬಂದವರು ತಮ್ಮ ಜೇಬಿನ ನಾಣ್ಯವನ್ನ ದಿಮ್ಮಿಗೆ ಹೊಡೆದು ಕೂರಿಸಬೇಕು, ಮನಸ್ಸಿನಲ್ಲಿ ಏನಾದ್ರೂ ಬೇಡಿಕೊಂಡು. ಪರ್ಫಾರ್ಮೆನ್ಸ್ ಆರ್ಟ್ ಅಂದ್ರೆ ಕಲಾವಿದ ಎಲ್ಲರೆದುರು ಏನೋ ಮಾಡೋದು ಅಂತ ಸಾಮಾನ್ಯ ತಿಳುವಳಿಕೆ. ಇಲ್ಲಿ ಕಲಾವಿದ ಪಕ್ಕಕ್ಕೆ ಸರಿದು ನಿಂತ, ಆಟ ಆಡಿದ್ದು ಪ್ರೇಕ್ಷಕ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ನಡೆದುಹೋಗುವ ನಮ್ಮ ಕಡೆಯ ಒಕ್ಕಲಿಗೆ ಆ ಸುತ್ತಿಗೆ ಕೊಟ್ಟರೆ ಒಂದು ಮಾತೂ ಕೇಳದೆ ಹೊಡೀತಾರೆ. ಕಲಾ ವಿಮರ್ಶಕರಿಗೇ ಪುಟಗಟ್ಟಲೆ ವಿವರಣೆ ಬೇಕು. ಹಾಗಂತ ಇದು ಭಕ್ತಿಯ ಕೆಲಸ ಅಂತಲೂ ನಾನು ಹೇಳಲಾರೆ, ಅದರಲ್ಲಿ ಲೇವಡಿಯೂ ಇದೆ. ನನಗೆ ಕೆಲವು ಕಡೆ ಆ ಲೇವಡಿ ಸ್ವಲ್ಪ ಜಾಸ್ತಿಯೇ ಆಯ್ತು ಅನ್ಸುತ್ತೆ. ಯಂತ್ರ, ಪದಗಳ ಪನ್ನು ಎಲ್ಲ ಸೇರಿ ಜೋಕಿನಲ್ಲೇ ನಿಂತುಬಿಡುವ ಕೃತಿಗಳೂ ಇವೆ.

2011ರಲ್ಲಿ ಮುಂಬೈಯ ಭಾವು ದಾಜಿ ಲಾಡ್ ಮ್ಯೂಸಿಯಂನಲ್ಲಿ ಪ್ರದರ್ಶನ, ಅದಕ್ಕೆ 2012ರ ಸ್ಕೋಡಾ ಪ್ರಶಸ್ತಿ. 2019ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಗ್ರೌಂಡ್ಸ್ ಫಾರ್ ಸ್ಕಲ್ಪ್ಚರ್‌ನಲ್ಲಿ ದೊಡ್ಡ ಪ್ರದರ್ಶನ. ನಾನು ಇವರ ಬಗ್ಗೆ ಓದಿದ್ದರಲ್ಲಿ ಬಹುಪಾಲು ಇಂಗ್ಲಿಷಿನಲ್ಲೇ ಇತ್ತು ಅನ್ನೋದು ಸ್ವಲ್ಪ ಚುಚ್ಚುತ್ತೆ. ಅಷ್ಟು ದೂರದವರಿಗೆ ಅಡಿಟಿಪ್ಪಣಿ ಹಾಕಿ ಹೇಳಬೇಕಾದ್ದು ನಮಗೆ ಒಂದೇ ಪದದಲ್ಲಿ ಸಿಗುತ್ತೆ, ಆದರೂ ನಾವೇ ಓದಿಲ್ಲ.

ಅದೇ 2019ರ ವೀಡಿಯೋ ಒಂದಿದೆ, 'ಇಂಟರ್‌ಫಿಯರೆನ್ಸ್'. ಗುಜರಾತಿನ ಜುನಾಗಢದ ಮ್ಯೂಸಿಯಂನ ಹಳೇ ರತ್ನಗಂಬಳಿಯನ್ನ ಬಡಿದು ಧೂಳು ಕೊಡವುತ್ತಾರೆ, ನಿಧಾನಗತಿಯಲ್ಲಿ. ದೇವರಿಲ್ಲ, ನಾಣ್ಯವಿಲ್ಲ, ಜೋಕೂ ಇಲ್ಲ. ಯಾರ್ಯಾರದೋ ಕಾಲಿನ ಧೂಳು ಮೋಡದ ಹಾಗೆ ಎದ್ದು ಗಾಳಿಯಲ್ಲಿ ನಿಲ್ಲುತ್ತೆ, ಅಷ್ಟೇ. ಅವರದ್ದೆಲ್ಲದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು.