ಎಲಿ ಆಟಕ್ಕ ಹೊಸ ಮೋಡ್: ರಾಜಾ ತಂದಾಗ, ಆ್ಯಪ್ ತಂದಾಗ

(1/4)
ಡಾರ್ಕ್ ಮೋಡ್ ಅನ್ನೋದು ಮೊಬೈಲಿನ್ಯಾಗ ಹುಟ್ಟಿದ್ದು ಅಂತ ತಿಳ್ಕೊಂಡೀರಿ ಏನು? ದಶಾವತಾರ ಗಂಜೀಫಾ ಅಂತ ಒಂದು ಹಳೇ ಎಲಿ ಆಟ ಐತಿ. ಅದನ್ನ ಹಗಲು ಆಡಿದ್ರ ರಾಮನ ರಾಜಾ ಎಲಿ ಇದ್ದಾಂವ ಮೊದಲು ಇಳೀಬೇಕು. ರಾತ್ರಿ ಆಡಿದ್ರ ಕೃಷ್ಣನ ರಾಜಾ ಇದ್ದಾಂವ. ದೀಪ ಹಚ್ಚಿದ ಕೂಡ್ಲೆ ಆಟದ ಮೋಡ್ ಬದಲು!

ಹೋದ ಸಲ ನರಗುಂದದ ಬಾಬಾಸಾಹೇಬರು, 1858ರ ಬಂಡಾಯ ಅಂತ ಬರದಿದ್ದೆ. ಈ ಸಲ ಯುದ್ಧ ಇಲ್ರಿ, ಎಲಿ ಆಟ. ಕ್ಲಾಸಿನ್ಯಾಗ ಎಲ್ಲಾರೂ ರಮ್ಮಿ ಆ್ಯಪಿನ ಬಗ್ಗೆನ ಮಾತಾಡಾಕತ್ತಾರ, ಹಂಗಾಗಿ ನಾನು ಇತಿಹಾಸದ ಕಡೆಯಿಂದ ಬರ್ತೀನಿ.

ಗಂಜೀಫಾ ಎಲಿ ದುಂಡಗ ಇರ್ತಾವ. ಬಾಬರ 1527ರಾಗ ಸಿಂಧಿನ ಒಬ್ಬ ದೊರೆಗೆ ಈ ಎಲಿ ಕಳಿಸಿದ್ದನ್ನ ತನ್ನ ದಿನಚರಿಯೊಳಗ ಬರದಾನ. ಮೊಘಲರ ಆಟದಾಗ 8 ಬಣ್ಣ, 96 ಎಲಿ. ನಮ್ಮ ಮಂದಿ ಅದನ್ನ ಹಂಗ ಇಟ್ಕೊಳ್ಳಲಿಲ್ಲ, 10 ಅವತಾರ ಸೇರಿಸಿ 120 ಎಲಿ ಮಾಡಿದ್ರು. ಒಂದೊಂದು ಅವತಾರಕ್ಕ ಒಬ್ಬ ರಾಜಾ, ಒಬ್ಬ ಮಂತ್ರಿ, ಮತ್ತ 1ರಿಂದ 10. ಅದರಾಗೂ ಐದು ಬಣ್ಣಕ್ಕ 10 ದೊಡ್ಡದು, ಉಳಿದ ಐದಕ್ಕ 1 ದೊಡ್ಡದು. ಹುಕುಂ ಅನ್ನೋದು ಇಲ್ಲ. ಯಾವ ಎಲಿ ಹೋತು, ಯಾವುದು ಉಳೀತು ಅಂತ ತಲಿಯೊಳಗ ಇಟ್ಕೊಂಡು ಆಡಬೇಕು. ಮೂರು ಮಂದಿ ಕುಂತ್ರ ಒಬ್ಬೊಬ್ಬರ ಪಾಲಿಗೆ 40 ಎಲಿ. ನಮಗ 13 ಹಿಡ್ಕೊಳ್ಳೋದ ಕಷ್ಟ!

ಇವತ್ತಿಗೂ ಈ ಎಲಿ ಮಾಡೋ ಊರು ಮಹಾರಾಷ್ಟ್ರದ ಸಾವಂತವಾಡಿ. ಇನ್ನೊಂದು ದೊಡ್ಡ ನೆಲೆ ಮೈಸೂರು. ನಮ್ಮ ರೋಣ, ಗಜೇಂದ್ರಗಡ ಎರಡರ ನಡುವ ಬರ್ತಾವ. 1787ರಾಗ ಮರಾಠರು ಮತ್ತ ಟಿಪ್ಪು ನಡುವ ಒಪ್ಪಂದ ಆಗಿದ್ದು ಇದ ಗಜೇಂದ್ರಗಡದ ಹೆಸರಿನ್ಯಾಗ. ಈಗ ಮೈಸೂರಿನ ಕಡೆ ಹೋಗೋಣ.

(2/4)
1799ರಾಗ ಟಿಪ್ಪು ಸತ್ತ ಮ್ಯಾಲೆ ಬ್ರಿಟಿಷರು ಮೈಸೂರಿನ ಗಾದಿ ಮ್ಯಾಲೆ ಕೂಡಿಸಿದ್ದು ಇನ್ನೂ ಐದು ತುಂಬದ ಹುಡುಗನ್ನ. ಅವರ ಮುಮ್ಮಡಿ ಕೃಷ್ಣರಾಜ ಒಡೆಯರು. ಮುಂದ 1831ರಾಗ ಅದ ಬ್ರಿಟಿಷರು ಆಡಳಿತ ಕಸಗೊಂಡ್ರು. ಪಟ್ಟ ಉಳೀತು, ಅಧಿಕಾರ ಹೋತು. 1868ರಾಗ ತೀರಿಕೊಳ್ಳೋತನಕ ಅವರಿಗೆ ಅದು ತಿರುಗಿ ಸಿಗಲಿಲ್ಲ.

ಈ ರಾಜರಿಗೆ ಆಟದ ಹುಚ್ಚು ಭಾಳ. ಚದುರಂಗದಾಗ ಕುದುರಿ 64 ಮನಿಗೂ ಒಂದೊಂದ ಸಲ ಹೋಗಿ ಬರೋ ಲೆಕ್ಕ ಅವರಿಗೆ ಕೈವಶ ಆಗಿತ್ತು. ಅವರ ಕಾಲದ ದೊಡ್ಡ ಗ್ರಂಥ ‘ಶ್ರೀತತ್ತ್ವನಿಧಿ’ಯೊಳಗ ಕೌತುಕನಿಧಿ ಅಂತ ಒಂದು ಭಾಗನ ಐತಿ. ಅದರಾಗ ಗಂಜೀಫಾಕ್ಕ ಅವರು ಮಾಡಿದ ಹೊಸ ಹೊಸ ಆಟ ಬರ್ತಾವ. ಅವಕ್ಕ ‘ಛದ’ ಅಂತ ಹೆಸರು. ಸಂಸ್ಕೃತದಾಗ ಛದ ಅಂದ್ರೂ ಎಲೆನ ಅಂತ. ನವಗ್ರಹ ಛದ, ಪಂಚಪಾಂಡವ ಛದ ಹಿಂಗ. ಚಾಮುಂಡೇಶ್ವರಿ ಛದಕ್ಕ 320 ಎಲಿ. ಜಗನ್ಮೋಹನ ಛದಕ್ಕ 360 ಎಲಿ, 18 ಬಣ್ಣ! ಹಳೇ ಆಟದಾಗ ಇಲ್ಲದ ಹುಕುಂ ಬಂತು, ಜೋಕರ್ ಥರ ಎಲಿ ಬಂದ್ವು. ಈಗಿನ ಗೇಮ್ ಕಂಪನಿ ಅಪ್‌ಡೇಟ್ ಕೊಡ್ತಾವಲ್ಲ, ಥೇಟ್ ಹಂಗ.

ಆಟಗಾರರು ಏನಂದ್ರು? ಏನೂ ಅನ್ನಲಿಲ್ಲ. ಆಡಲೂ ಇಲ್ಲ. ಈ ಆಟ ಅರಮನಿ ದಾಟಿ ಮಂದಿಯೊಳಗ ಹರಡಲಿಲ್ಲ. ಅರಮನಿಯೊಳಗಾದ್ರೂ ಎಷ್ಟು ಮಂದಿ ಆಡಿದ್ರೋ.

ನಾನು ಬಿಕಾಂ ಹುಡುಗ, ಹಂಗಾಗಿ ಖರ್ಚಿನ ಲೆಕ್ಕ ಮೊದಲು ಹೊಳೀತದ. ಗಂಜೀಫಾದಾಗ ಎರಡು ದರ್ಜೆ ಇದ್ವು. ದರಬಾರ್ ಕಲಂ ಅಂದ್ರ ದಂತ, ಆಮಿ ಚಿಪ್ಪಿನ ಎಲಿ, ಸಾಹುಕಾರರದು. ಬಜಾರ್ ಕಲಂ ಅಂದ್ರ ಹಳೇ ಅರಿವಿಗೆ ಹುಣಸೀ ಬೀಜದ ಅಂಟು ಹಚ್ಚಿ, ಗಟ್ಟಿ ಮಾಡಿ, ಬಣ್ಣ ಬರದ ಎಲಿ. ಎರಡೂ ಕೈಲೆ ಬರೀಬೇಕು. 120 ಬರಿಯೋದ ದೊಡ್ಡ ಕೆಲಸ, 360 ಅಂದ್ರ ಅದರ ಮೂರು ಪಟ್ಟು. ಬಜಾರಿನವ ಯಾರಿಗೆ ಮಾರಬೇಕು? ಖರೀದಿ ಮಾಡಿದ್ರೂ ರೂಲ್ಸ್ ಗೊತ್ತಿದ್ದ ಇನ್ನಿಬ್ಬರು ಬೇಕಲ್ಲ ಎದುರು ಕುಂದ್ರಾಕ. ಆಟ ಚೊಲೋ ಇತ್ತೋ ಕೆಟ್ಟದಿತ್ತೋ ಅನ್ನೋ ಪ್ರಶ್ನೆನ ಬರಲಿಲ್ಲ. ರಾಜ್ಯ ಕಳ್ಕೊಂಡ ರಾಜಾ 18 ಬಣ್ಣದ ರಾಜ್ಯ ಕಟ್ಟಿದ, ಪ್ರಜೆಗಳು ಬರಲಿಲ್ಲ. ನನಗಂತೂ ಇದನ್ನ ಓದಿದಾಗ ನಗು ಬರಲಿಲ್ಲ.

ಗಂಜೀಫಾನ ಕಡೀಗೆ ಮೂಲಿಗೆ ತಳ್ಳಿದ್ದು ಅಚ್ಚಿನ ಮಶೀನು. 52 ಎಲಿ, ಸೋವಿ, ಕಿಸೇದಾಗ ಹಿಡೀತಾವ. ಇಸ್ಪೀಟು ಊರೂರಿಗೆ ಬಂತು.

(3/4)
ಈಗ ಸೀದಾ ಮೊಬೈಲಿಗೆ.

ಹಾರ್ತ್‌ಸ್ಟೋನ್ ಅಂತ 2014ರಾಗ ಬಂದ ಡಿಜಿಟಲ್ ಎಲಿ ಆಟ ಐತಿ, ನಮ್ಮ ಕಡೆ ಆಡೋರು ಕಡಿಮಿ. ಅದರಾಗ 2019ರಾಗ ಬ್ಯಾಟಲ್‌ಗ್ರೌಂಡ್ಸ್ ಮೋಡ್ ಬಂತು, ಮಂದಿ ಮುಗಿಬಿದ್ರು. 2021ರಾಗ ಮರ್ಸಿನರೀಸ್ ಅಂತ ಇನ್ನೊಂದು ಬಂತು. ಅದು ಅಷ್ಟು ಮಂದಿಗೆ ಹಿಡಿಸಲಿಲ್ಲ, 2023ಕ್ಕ ಅದಕ್ಕ ಹೊಸ ಸರಕು ಹಾಕೋದನ್ನ ಕಂಪನಿನ ನಿಲ್ಲಿಸ್ತು. ಜಗನ್ಮೋಹನ ಛದದ ಕಥಿನ, ಆದ್ರ ಎರಡ ವರ್ಷದಾಗ ಮುಗೀತು.

ನಮ್ಮ ಊರಿನ ಕಥಿ ರಮ್ಮಿದು. ಗುಡಿ ಕಟ್ಟಿ ಮ್ಯಾಲೆ ದೊಡ್ಡವರು ಆಡೋದನ್ನ ನೋಡೀರಲ್ಲ, ಒಬ್ಬರು ನೋಟ್‌ಬುಕ್ಕಿನ್ಯಾಗ ಪಾಯಿಂಟ್ ಬರ್ಕೊಂತ ಕುಂತಿರ್ತಾರ. 101 ಮುಟ್ಟಿದಾಂವ ಔಟ್. ಆ್ಯಪಿನ್ಯಾಗ ಇದಕ್ಕ ಪೂಲ್ ಅಂತಾರ. ಇದರಾಗ ನೀವು ಎಷ್ಟು ಸೋಲ್ತೀರಿ ಅನ್ನೋದು ಕುಂದ್ರೋಕಿಂತ ಮೊದಲ ಗೊತ್ತು. ಎಂಟ್ರಿ ಎಷ್ಟೋ ಅಷ್ಟ. ಆಟನೂ ಉದ್ದ, ನಡುವ ಚಾ ಬರ್ತದ, ಮಾತು ಬರ್ತದ, ಯಾರದೋ ಮನಿಯಿಂದ ಕರಿಯಾಕ ಬರ್ತಾರ.

ಆ್ಯಪು ನಮ್ಮ ಹುಡುಗರಿಗೆ ರುಚಿ ಹಚ್ಚಿದ್ದು ಪಾಯಿಂಟ್ಸ್ ಮೋಡ್. ಒಂದ ಕೈ ಆಟ, ನಾಲ್ಕೈದು ಮಿನಿಟು. ಕೈಯಾಗ ಉಳಿದ ಪಾಯಿಂಟಿಗೆ ಒಂದೊಂದು ದರ. 50 ಪೈಸೆ ದರ ಇದ್ದು 80 ಪಾಯಿಂಟ್ ಬಿದ್ರ 40 ರೂಪಾಯಿ. ಸಣ್ಣದಲ್ಲೇನು? ಆದ್ರ ತಾಸಿಗೆ ಹತ್ತು ಹನ್ನೆರಡು ಕೈ ಆಗ್ತಾವ. ಚಾ ಇಲ್ಲ, ನೋಟ್‌ಬುಕ್ ಇಲ್ಲ, ಎದುರು ಕುಂತವರ ಮಾರಿ ಕಾಣಂಗಿಲ್ಲ. ಕರಿಯಾಕ ಬರೋರೂ ಇಲ್ಲ, ಯಾಕಂದ್ರ ರಗ್ಗಿನೊಳಗ ಆಡಾಕತ್ತೀವಿ ಅಂತ ಯಾರಿಗೂ ಗೊತ್ತಿಲ್ಲ. ನನಗ ಗೊತ್ತಿದ್ದ ಒಬ್ಬಾಂವ ಹಿಂಗ ಆಡಿ ಒಂದು ಸೆಮಿಸ್ಟರಿನ ಫೀ ಪೂರಾ ಕಳಕೊಂಡ. ಅವರಪ್ಪ ಶೇಂಗಾ ಮಾರಿದ ರೊಕ್ಕ ಅದು. ಹೆಸರು ಕೇಳಬ್ಯಾಡ್ರಿ, ಅವನೂ ಇದನ್ನ ಓದ್ತಾನ.

ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಾಗ, ಆಂಧ್ರಪ್ರದೇಶ ಸರ್ಕಾರ ಮತ್ತ ಸತ್ಯನಾರಾಯಣ ನಡುವಿನ ಕೇಸಿನ್ಯಾಗ ಹೇಳಿತ್ತು. ಆ ಕೇಸು ಒಂದು ಕ್ಲಬ್ಬಿನ ಟೇಬಲ್ಲಿಂದು. ಐವತ್ತು ವರ್ಷ ಆದ ಮ್ಯಾಲೆ ಆ್ಯಪುಗಳು ಅದ ತೀರ್ಪನ್ನ ಹಿಡ್ಕೊಂಡು ನಿಂತ್ವು. ಕೌಶಲ ಬೇಕು ಅನ್ನೋದು ಖರೇನ. ಆದ್ರ ಕ್ಲಬ್ಬಿನ ಟೇಬಲ್ಲು ರಾತ್ರಿ ಎರಡಕ್ಕ ನಿಮ್ಮ ಹಾಸಿಗಿಗೆ ಬರ್ತಿರಲಿಲ್ಲ.

(4/4)
ಕಾನೂನಿನ ಭಾಗ ಜಲ್ದಿ ಮುಗಿಸ್ತೀನಿ. ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆ ತಿದ್ದುಪಡಿ ಮಾಡಿ 2021ರ ಅಕ್ಟೋಬರ್ 5ರಿಂದ ಆನ್‌ಲೈನ್ ರೊಕ್ಕದ ಆಟ ಬಂದ್ ಮಾಡ್ತು. 2022ರ ಫೆಬ್ರವರಿ 14ಕ್ಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡ್ತು. 2023ರ ಏಪ್ರಿಲ್‌ನಿಂದ ಗೆದ್ದ ರೊಕ್ಕಕ್ಕ ಶೇ 30 ಟಿಡಿಎಸ್ ಬಂತು (ಆಗಿನ ಕಲಂ 194ಬಿಎ). ಅಕ್ಟೋಬರ್‌ನಿಂದ ಆ್ಯಪಿಗೆ ಹಾಕಿದ ಪೂರಾ ರೊಕ್ಕಕ್ಕ ಶೇ 28 ಜಿಎಸ್‌ಟಿ. 2025ರ ಆಗಸ್ಟ್ 20ಕ್ಕ ಲೋಕಸಭೆ, 21ಕ್ಕ ರಾಜ್ಯಸಭೆ, 22ಕ್ಕ ರಾಷ್ಟ್ರಪತಿ ಸಹಿ. ಕೌಶಲ, ಅದೃಷ್ಟ ಅಂತ ಭೇದ ಮಾಡದ ಆನ್‌ಲೈನ್ ರೊಕ್ಕದ ಆಟ ದೇಶದ ತುಂಬ ಬಂದ್. ಮೊದಲು ಕರ್ನಾಟಕ ಹೈಕೋರ್ಟಿನ್ಯಾಗ ತಕರಾರು ಅರ್ಜಿ ಬಿತ್ತು, ಮುಂದ ಎಲ್ಲಾ ಹೈಕೋರ್ಟಿನ ಕೇಸುಗಳನ್ನ ಸುಪ್ರೀಂ ಕೋರ್ಟ್ ತನ್ನ ಕಡೆ ತರಿಸಿಕೊಂಡ್ತು.

ಕೆಲವು ಆ್ಯಪಿನ್ಯಾಗ ಉಳಿದದ್ದು ಫ್ರೀ ಮೋಡ್ ಒಂದ. ಅದ 13 ಎಲಿ, ಅದ ಜೋಕರ್, ಅದ ಪ್ಯೂರ್ ಸೀಕ್ವೆನ್ಸ್. ಎಲಿ ಬಿದ್ದಾಗ ಬರೋ ಸಪ್ಪಳನೂ ಅದ. ಹೋದದ್ದು ರೊಕ್ಕ ಅಷ್ಟ.

ನನ್ನ ಸುತ್ತಲಿನವರು ಏನಂದ್ರು ಹೇಳ್ತೀನಿ. ಒಬ್ಬಾಂವ, ‘ಉಪ್ಪಿಲ್ಲದ ಸಾರು’ ಅಂದ, ಅವತ್ತ ಡಿಲೀಟ್ ಮಾಡಿದ. ಇನ್ನೊಬ್ಬಾಂವ ಎರಡು ದಿನ ಆಡಿ, ‘ಯಾರೂ ಡ್ರಾಪ್ ಮಾಡಂಗಿಲ್ಲಲೇ, ಎಂಥಾ ಎಲಿ ಬಂದ್ರೂ ಆಡ್ತಾರ, ರೊಕ್ಕ ಹೋಗಂಗಿಲ್ಲಲ್ಲ’ ಅಂತ ಬೈದ. ಈ ಮಾತು ನನಗ ಭಾಳ ಹಿಡಿಸ್ತು. ಅಂಜಿಕಿ ಇಲ್ಲದಿದ್ರ ರಮ್ಮಿಯ ಒಂದು ಕೌಶಲನ ಸತ್ತು ಹೋಗ್ತದ ಅನ್ನೋದು ಅವನ ವಾದ. ತೆಗೆದು ಹಾಕೋ ಮಾತಲ್ಲ. ಆದ್ರ ನಾನು ಅವನಿಗೆ ಗಂಜೀಫಾದ ಕಥಿ ಹೇಳಿದೆ. 120 ಎಲಿ, 10 ಬಣ್ಣ, ಅರ್ಧ ಸೀದಾ ಅರ್ಧ ಉಲ್ಟಾ. ಯಾವ ಎಲಿ ಹೋತು ಅಂತ ನೆನಪಿಡೋದ ಅಲ್ಲಿ ಅಂಜಿಕಿ. ಅವ ನಕ್ಕು, ‘ಅದಕ್ಕ ಅದು ಮ್ಯೂಸಿಯಂ ಸೇರೇತಿ’ ಅಂದ. ಉತ್ತರ ಹೊಳೀಲಿಲ್ಲ.

ಫೀ ಕಳಕೊಂಡಾಂವ ಮಾತ್ರ ಏನೂ ಅನ್ನಲಿಲ್ಲ. ಈಗ ಅವ ಮೊಬೈಲಿನ್ಯಾಗ ಆಡಂಗಿಲ್ಲ. ರವಿವಾರ ರೂಮಿನ್ಯಾಗ ನಾಲ್ಕು ಮಂದಿ ಕುಂತು ಖರೇ ಎಲಿಲೆ 101 ಆಡ್ತೀವಿ, ಸೋತಾಂವ ಮಿರ್ಚಿ-ಚಾ ತರಬೇಕು. ಪಾಯಿಂಟ್ ಬರಿಯೋ ನೋಟ್‌ಬುಕ್ ಅವನ ಹತ್ರ ಇರ್ತದ.

ನಿಮ್ಮ ಮನಿಯೊಳಗ ಅಜ್ಜ, ಅಮ್ಮ ಯಾರಾದ್ರೂ ದುಂಡನ ಎಲಿ ನೋಡ್ಯಾರೇನು? ಕೇಳಿ ಕಮೆಂಟ್ ಹಾಕ್ರಿ. ಫೋಟೋ ಇದ್ರ ಡಿಎಂ ಮಾಡ್ರಿ, ಹೆಸರು ಹಾಕಂಗಿಲ್ಲ.