ಒಂದೇ ಕ್ಲಾಸು, ಮೂರು ಫೀಸು

ಇವತ್ತಿನ ಸಂಚಿಕೆಯನ್ನ ಒಂದು ಸರ್ಕಾರಿ ಆದೇಶದಿಂದ ಶುರು ಮಾಡ್ತೀನಿ. ತಾರೀಖು 1989ರ ಜೂನ್ 5. ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜುಗಳು ವರ್ಷಕ್ಕೆ ಎಷ್ಟು ಫೀಸು ತಗೋಬಹುದು ಅಂತ ಅದರಲ್ಲಿತ್ತು. ಸರ್ಕಾರಿ ಸೀಟಿಗೆ 2,000 ರೂಪಾಯಿ. ಅದು ಸಿಗದ ಕರ್ನಾಟಕದವರಿಗೆ 25,000ದವರೆಗೆ. ಹೊರರಾಜ್ಯದವರಿಗೆ 60,000ದವರೆಗೆ.

ಮೂರೂ ಜನ ಕೂರೋದು ಒಂದೇ ಕ್ಲಾಸಲ್ಲಿ. ಆಗ ಕಾಲೇಜು ಸರ್ಕಾರಿಯಾಗಲಿ ಖಾಸಗಿಯಾಗಲಿ, ಪರೀಕ್ಷೆ ಮಾಡಿ ಡಿಗ್ರಿ ಕೊಡ್ತಿದ್ದದ್ದು ಸರ್ಕಾರಿ ವಿಶ್ವವಿದ್ಯಾಲಯವೇ. ನಾನು ಬಿ.ಕಾಂ. ಓದಿದವನು, ಒಂದೇ ಸರಕಿಗೆ 30 ಪಟ್ಟು ವ್ಯತ್ಯಾಸ ಕಂಡ್ರೆ ಕಣ್ಣು ಅಲ್ಲೇ ನಿಲ್ಲುತ್ತೆ. ಗುಣಮಟ್ಟಕ್ಕೆ ಕೊಟ್ಟ ಬೆಲೆ ಅಂತೂ ಅಲ್ಲ ಇದು.

ತಮಾಷೆ ಅಂದ್ರೆ, ಈ ಆದೇಶ ಹೊರಬಿದ್ದಿದ್ದು 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯ ಅಡಿಯಲ್ಲೇ. ಡೊನೇಷನ್ ನಿಲ್ಲಿಸೋಕೆ ಬಂದ ಕಾನೂನು!

1991ರಲ್ಲಿ ಮೀರತ್‌ನ ಒಬ್ಬ ವಿದ್ಯಾರ್ಥಿನಿ ತುಮಕೂರಿನ ಖಾಸಗಿ ಕಾಲೇಜಿಗೆ ಅರ್ಜಿ ಹಾಕಿದ್ಲು. ಮೊದಲ ವರ್ಷಕ್ಕೆ 60,000 ಕಟ್ಟಿ, ಉಳಿದ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಅಂದ್ರು. ತಂದೆ ಕೈಲಾಗಲ್ಲ ಅಂದಾಗ ಸೀಟು ಹೋಯ್ತು. ಇನ್ನೂ ನಾಲ್ಕೂವರೆ ಲಕ್ಷ ಕೇಳಿದ್ರು ಅನ್ನೋದು ಅವಳ ಆರೋಪ, ಆಡಳಿತ ಮಂಡಳಿ ಅದನ್ನ ಅಲ್ಲಗಳೆಯಿತು. ಇದೇ ಮೋಹಿನಿ ಜೈನ್ ಕೇಸ್. 1992ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿತು: ಆ 60,000 ರೂಪಾಯಿ ಬೋಧನಾ ಶುಲ್ಕವೇ ಅಲ್ಲ, ಕ್ಯಾಪಿಟೇಶನ್. ಆದರೆ ಆಗಲೇ ಕೋರ್ಸು ಶುರುವಾಗಿತ್ತು, ಆಯ್ಕೆ ಮೆರಿಟ್ ಮೇಲೆ ಆಗಿರಲಿಲ್ಲ ಅಂತ ಆ ಹುಡುಗಿಗೆ ಸೀಟು ಕೊಡಿಸಲಿಲ್ಲ. ಕೇಸು ಗೆದ್ದವಳು ಸೀಟು ಸೋತಳು. ನನಗೆ ಈ ಇಡೀ ಕಥೆಯಲ್ಲಿ ಮರೆಯೋಕಾಗದ ಸಾಲು ಇದೇ.

ಮುಂದಿನ ವರ್ಷ ಉನ್ನಿಕೃಷ್ಣನ್ ತೀರ್ಪು ಬಂತು: ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್. ಪೇಮೆಂಟ್ ಸೀಟಿನವನು ಫ್ರೀ ಸೀಟಿನವನ ಖರ್ಚನ್ನೂ ಹೊರಬೇಕು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ರ‍್ಯಾಂಕ್ ತಗೊಳ್ತಿದ್ದದ್ದು ಹೆಚ್ಚಾಗಿ ಪಟ್ಟಣದ, ಅನುಕೂಲಸ್ಥರ ಮಕ್ಕಳು. ಹಳ್ಳಿ ಕಡೆಯ ಅಪ್ಪ ಜಮೀನು ಮಾರಿ ಪಟ್ಟಣದ ಹುಡುಗನ ಫೀಸು ಕಟ್ಟಿದ ಹಾಗಾಯ್ತು. ಇದು ಬರೀ ನನ್ನ ಲೆಕ್ಕ ಅಲ್ಲ. ಬಡ, ಗ್ರಾಮೀಣ ವಿದ್ಯಾರ್ಥಿ ಮೇಲೆ ಶ್ರೀಮಂತ ನಗರ ವಿದ್ಯಾರ್ಥಿಯ ಹೊರೆ ಬಿದ್ದಿದೆ ಅಂತ 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಶನ್ ಕೇಸಿನಲ್ಲಿ 11 ನ್ಯಾಯಮೂರ್ತಿಗಳ ಪೀಠವೂ ಒಪ್ಪಿತು.

ಇನ್ನು ಕಲಿಕೆಯ ಮಾತು. ಎಂಬಿಬಿಎಸ್‌ನಲ್ಲಿ ಅರ್ಧ ಪಾಠ ಹೇಳೋದು ರೋಗಿಗಳೇ. ಬೆಂಗಳೂರು ಮೆಡಿಕಲ್ ಕಾಲೇಜಿಗೆ ವಿಕ್ಟೋರಿಯಾ ಇತ್ತು, ಮೈಸೂರಿಗೆ ಕೆ.ಆರ್. ಆಸ್ಪತ್ರೆ. 1953ರಲ್ಲಿ ಶುರುವಾದ ಖಾಸಗಿ ಮೆಡಿಕಲ್ ಕಾಲೇಜು ಕಸ್ತೂರ್ಬಾದ ಮಕ್ಕಳೂ ಮಂಗಳೂರಲ್ಲಿ ಕಲಿತದ್ದು ವೆನ್ಲಾಕ್‌ನಲ್ಲಿ, ಅಂದ್ರೆ ಸರ್ಕಾರಿ ಆಸ್ಪತ್ರೆಯ ಹಾಸಿಗೆಗಳ ಪಕ್ಕ.

2002ರ ಅದೇ ತೀರ್ಪು ಉನ್ನಿಕೃಷ್ಣನ್ ಯೋಜನೆಯನ್ನ ರದ್ದು ಮಾಡಿತು. ಕ್ಯಾಪಿಟೇಶನ್ ಬೇಡ, ಲಾಭಕೋರತನ ಬೇಡ, ಆದರೆ ಬೆಳವಣಿಗೆಗೆ ಬೇಕಾದ 'ನ್ಯಾಯಯುತ ಮಿಗತೆ' ಇರಬಹುದು ಅಂತು. ಹಾಗಾಗಿ ನಮ್ಮ ದೇಶದ ಕಾಲೇಜು ಟ್ರಸ್ಟ್‌ಗಳ ಲೆಕ್ಕಪತ್ರದಲ್ಲಿ ಲಾಭ ಅನ್ನೋ ಪದವನ್ನ ಹುಡುಕಬೇಡಿ. ಮಿಗತೆ ಅನ್ನೋ ಸಾಲು ನೋಡಿ.