ಖರೇದಿ ಕಾಗದವನ್ನು ಓದುವವರಾರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಕೊಂಡು ನೋಡು ಎನ್ನಲಿಲ್ಲ. ಗುರುತು ಪರಿಚಯವಿಲ್ಲದವರಿಂದ ಮನೆ ಕೊಳ್ಳುವ ಪ್ರಸಂಗ ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲವೆಂದು ತೋರುತ್ತದೆ. ಇಂದು ಬೆಳಗಾವಿಯ ತಿಲಕವಾಡಿಯಲ್ಲೋ ಶಹಾಪುರದಲ್ಲೋ ಮನೆ ಹುಡುಕುವ ಸಂಸಾರಸ್ಥನು, ಮಳೆಗಾಲಕ್ಕೆ ಗೋಡೆ ಜಿನುಗುತ್ತದೆಯೇ, ಬೇಸಿಗೆಗೆ ಬಾವಿಯಲ್ಲಿ ನೀರಿರುತ್ತದೆಯೇ ಎಂದು ಹತ್ತು ಸಲ ವಿಚಾರಿಸುತ್ತಾನೆ. ಮಾರುವವನ ಕೈಯಲ್ಲಿರುವ ಕಾಗದ ಏನು ಹೇಳುತ್ತದೆಂಬುದನ್ನು ಮಾತ್ರ ಕೊನೆಯ ದಿನ ಕೇಳುತ್ತಾನೆ. ಅಂದೂ ಅವನು ಕೇಳುವುದು ದಲಾಲನನ್ನು.

ಈ ಅಭ್ಯಾಸಕ್ಕೆ ಚರಿತ್ರೆಯಲ್ಲಿ ಕಾರಣವುಂಟು. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವನು ಮೊದಲು ಹೋಗುವುದು ಸಾಲಿಸಿಟರನ ಬಳಿಗೆ. ಹಕ್ಕಿನ ಮೂಲ ಹುಡುಕುವುದು, ಪತ್ರ ಬರೆಯುವುದು, ಹಣ ಕೈ ಬದಲಾಗುವ ತನಕ ಕಾಯುವುದು ಅವನ ಕಸಬು. ಮುಂಬಯಿ ನಗರಕ್ಕೂ ಆ ಕಸಬು ಬಂದಿತ್ತು. ಆದರೆ ಅದು ಹೈಕೋರ್ಟಿನ ನೆರಳು ಬಿಟ್ಟು ಹೊರಗೆ ಬರಲಿಲ್ಲ. ಅದೇ ಇಲಾಖೆಯ ಬೆಳಗಾವಿ ಜಿಲ್ಲೆ ಅದನ್ನು ಕಾಣಲೇ ಇಲ್ಲ. ಹಾಗಾದರೆ ನಮ್ಮಲ್ಲಿ ಆ ಕೆಲಸವನ್ನು ಯಾರು ಮಾಡುತ್ತಿದ್ದರು?

ನಮ್ಮ ಸೀಮೆಯಲ್ಲಿ ಭೂಮಿಯ ಕಾಗದಪತ್ರಗಳಿಗೆ ಬರವೇನೂ ಇರಲಿಲ್ಲ. ಖಾನಾಪುರ ತಾಲೂಕಿನ ಹಲಸಿ, ಅಂದರೆ ಕದಂಬರ ಪಲಾಶಿಕೆ, ಇದಕ್ಕೆ ಸಾಕ್ಷಿ. ಅಲ್ಲಿ ದೊರೆತು, 1870ರ ದಶಕದಲ್ಲಿ ಜೆ. ಎಫ್. ಫ್ಲೀಟರು ಪ್ರಕಟಿಸಿದ ತಾಮ್ರಪಟಗಳು ಐದು ಆರನೆಯ ಶತಮಾನದ ದಾನಪತ್ರಗಳು. ಕಾಕುಸ್ಥವರ್ಮನು ತನ್ನ ಸೇನಾಪತಿ ಶ್ರುತಕೀರ್ತಿಗೆ ಒಂದು ಹೊಲ ಕೊಟ್ಟುದು ಒಂದರಲ್ಲಿದೆ. ಮೃಗೇಶವರ್ಮನು ಪಲಾಶಿಕೆಯ ಜಿನಾಲಯಕ್ಕೆ 33 ನಿವರ್ತನ ಭೂಮಿ ಕೊಟ್ಟುದು ಇನ್ನೊಂದರಲ್ಲಿದೆ. ಯಾವ ಹೊಳೆಯಿಂದ ಯಾವ ಸಂಗಮದವರೆಗೆ ಎಂಬುದನ್ನೂ ಅದರಲ್ಲಿ ಹೇಳಿದೆ. ಕೊಟ್ಟವನಾರು, ಪಡೆದವನಾರು, ಎಷ್ಟು ನೆಲ, ಎಲ್ಲಿಂದ ಎಲ್ಲಿಗೆ: ಇಂದಿನ ಖರೇದಿ ಪತ್ರದಲ್ಲಿರಬೇಕಾದುದೆಲ್ಲ ಬಹುಮಟ್ಟಿಗೆ ಅಲ್ಲಿದೆ. ಕಸಿದುಕೊಂಡವನಿಗೆ ಪಾಪ ತಗಲುವುದೆಂಬ ಶಾಪ ಮಾತ್ರ ಈಗಿನ ಪತ್ರಗಳಲ್ಲಿಲ್ಲ. ಅದನ್ನು ಬಿಟ್ಟುದರಿಂದ ನಮಗೆ ಲಾಭವಾಯಿತೋ ನಷ್ಟವಾಯಿತೋ, ಹೇಳುವುದು ಕಷ್ಟ.

ಮರಾಠರ ಕಾಲಕ್ಕೆ ಬಂದರೆ ಕಾಗದ ಕುಲಕರ್ಣಿಯ ಕೈಗೆ ಬಂದಿರುತ್ತದೆ. ಪಂಚರ ಮುಂದೆ ಬರೆದ ಪತ್ರಕ್ಕೆ ಪಾಟೀಲನು ಸಹಿಯ ಬದಲು ನೇಗಿಲಿನ ಗುರುತು ಹಾಕುತ್ತಿದ್ದ. ಬರೆಯುತ್ತಿದ್ದುದು ಮೋಡಿ ಲಿಪಿಯಲ್ಲಿ. ಊರಿನವರಿಗೆ ಓದು ಬಾರದಿದ್ದರೂ ಚಿಂತೆಯಿರಲಿಲ್ಲ. ಯಾರ ಹೊಲ ಯಾರದೆಂದು ಎಲ್ಲರಿಗೂ ಬಾಯಿಪಾಠವಾಗಿತ್ತು. ಕಾಗದಕ್ಕೆ ಊರಿನ ನೆನಪನ್ನು ಮೀರಿದ ಬಲ ಬಂದುದು ಕಂಪನಿ ಸರಕಾರದ ದಫ್ತರಗಳು ತೆರೆದ ಮೇಲೆ. ಕಿತ್ತೂರಿನ ಶೇತಸನದಿಯಾಗಿದ್ದ, ಎಂದರೆ ಚಾಕರಿಗೆ ಪ್ರತಿಯಾಗಿ ಭೂಮಿ ಪಡೆದಿದ್ದ ಸಂಗೊಳ್ಳಿ ರಾಯಣ್ಣನ ದಂಡು 1830ರಲ್ಲಿ ಇದೇ ಖಾನಾಪುರ ಸೀಮೆಯ ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಮರುವರ್ಷದ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ನೆಲ ಈಗ ಕಚೇರಿಯ ಕಪಾಟಿನೊಳಗಿದೆ ಎಂಬುದನ್ನು ಆ ಜನ ಚೆನ್ನಾಗಿ ಅರಿತಿದ್ದರೆಂದೇ ನನ್ನ ಊಹೆ.

ವಕೀಲನು ಬಂದುದು ಈ ಕಪಾಟಿನ ಹಿಂದೆ. 1827ರ ಎಲ್ಫಿನ್‌ಸ್ಟನ್ ಕಾಲದ ನಿಬಂಧನೆಗಳು ಮುಂಬಯಿ ಇಲಾಖೆಯ ಜಿಲ್ಲಾ ಕೋರ್ಟುಗಳಲ್ಲಿ ಸನದು ಪಡೆದ ವಕೀಲರಿಗೆ ಸ್ಥಾನ ಕೊಟ್ಟವು. 1846ರ ಕಾಯದೆ ಆ ವೃತ್ತಿಯನ್ನು ಜಾತಿ ಮತಗಳ ಭೇದವಿಲ್ಲದೆ ಅರ್ಹರೆಲ್ಲರಿಗೂ ತೆರೆಯಿತು. ಕಕ್ಷಿದಾರನೊಡನೆ ಮಾತನಾಡಿ ಫೀ ಗೊತ್ತುಮಾಡಿಕೊಳ್ಳಲು ಅನುಮತಿ ಕೊಟ್ಟಿತು. ಆದರೆ ಈ ವಕೀಲನು ವ್ಯಾಜ್ಯದ ಮನುಷ್ಯ. ಜಗಳ ಹುಟ್ಟಿದ ಮೇಲೆ ಅವನ ಕೆಲಸ. ಜಗಳ ಹುಟ್ಟದಂತೆ ಪತ್ರ ನೋಡಿಕೊಡುವ ಸಾಲಿಸಿಟರರು 1862ರ ಮುಂಬಯಿ ಹೈಕೋರ್ಟಿನ ಮೂಲ ಶಾಖೆಗೆ ಅಂಟಿಕೊಂಡೇ ಉಳಿದರು. 1961ರ ಅಡ್ವೊಕೇಟರ ಕಾಯದೆ ವಕೀಲರ ಹಲವು ಪಂಗಡಗಳನ್ನು ಒಂದುಗೂಡಿಸಿತು. 1976ರ ತಿದ್ದುಪಡಿಯೊಡನೆ ಆ ಬೇರೆ ಪಂಗಡವೂ ಕಾಯದೆಯ ದೃಷ್ಟಿಯಲ್ಲಿ ಅಳಿಯಿತು. ಬೆಳಗಾವಿಯಲ್ಲೇ 1939ರಲ್ಲಿ ಕರ್ನಾಟಕ ಲಾ ಸೊಸೈಟಿಯ ಕಾಲೇಜು ಹುಟ್ಟಿ, ಕಾನೂನು ಓದಲು ಪುಣೆಗೋ ಮುಂಬಯಿಗೋ ಹೋಗಬೇಕಾದ ತೊಂದರೆ ತಪ್ಪಿತು. ವಕೀಲರು ಹೆಚ್ಚಿದರು. ಪತ್ರ ಬರೆಯುವ ಕೆಲಸ ಮಾತ್ರ ಬಹುಪಾಲು ಕಚೇರಿಯ ಹೊರಗೆ ಕುಳಿತ ಬಾಂಡ್ ರೈಟರನಲ್ಲೇ ಉಳಿಯಿತು. ಅವನ ಅಕ್ಷರ ದುಂಡು, ವಾಕ್ಯ ನಿರ್ದಿಷ್ಟ. ಹಿಂದಿನ ಪತ್ರ ತೆಗೆದು ನೋಡುವ ಹೊಣೆ ಅವನದಲ್ಲ.

ಹಾಗಾದರೆ ಸಬ್ ರಜಿಸ್ಟ್ರಾರರು ನೋಡುವುದಿಲ್ಲವೆ? ಇಲ್ಲ. ಮಧ್ಯಮ ವರ್ಗದ ಗೃಹಸ್ಥರು ನಂಬಿ ಕೆಡುವುದು ಇಲ್ಲಿಯೇ. ದೇಶಕ್ಕೆಲ್ಲ ಒಂದೇ ನೋಂದಣಿ ಕಾಯದೆ 1864ರಲ್ಲಿ ಬಂತು; ಈಗಿರುವುದು 1908ರದು. ಬರೆದುಕೊಟ್ಟವನು ಇವನೇ ಹೌದೋ, ಬರೆದುಕೊಟ್ಟೆನೆಂದು ಒಪ್ಪುತ್ತಾನೋ ಎಂದಷ್ಟೇ ಅಧಿಕಾರಿ ಕೇಳಬೇಕು. ಮಾರುವ ಹಕ್ಕು ಅವನಿಗುಂಟೋ ಎಂಬುದು ಅವರ ನಿರ್ಣಯಕ್ಕೆ ಬಂದುದಲ್ಲ. 2025ರಲ್ಲಿ ತಮಿಳುನಾಡಿನ ಒಂದು ನಿಯಮವನ್ನು ರದ್ದು ಮಾಡುತ್ತ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಇನ್ನು ಸ್ವತ್ತು ವರ್ಗಾವಣೆಯ 1882ರ ಕಾಯದೆ. ಅದು ಮುಂಬಯಿ ಇಲಾಖೆಗೆ ಅನ್ವಯವಾದುದು 1893ರ ಜನವರಿ 1ರಿಂದ. ರಜಿಸ್ಟರಾದ ಪತ್ರದ ಸಂಗತಿ ಕೊಳ್ಳುವವನಿಗೆ ತಿಳಿದಿದೆ ಎಂದೇ ಆ ಕಾಯದೆ ಭಾವಿಸುತ್ತದೆ. ಮನೆಯಲ್ಲಿ ಬೇರೊಬ್ಬನು ವಾಸವಾಗಿದ್ದರೆ ಅವನ ಹಕ್ಕೂ ತಿಳಿದಂತೆಯೇ. ನೋಡದೆ ಹೋದೆನೆಂಬ ಮಾತನ್ನು ಕೋರ್ಟು ಕೇಳುವುದಿಲ್ಲ.

ಉತಾರದ ಕಥೆಯೂ ಹೀಗೆಯೇ. ಮುಂಬಯಿ ಸರಕಾರ 1903ರಲ್ಲಿ ಹಕ್ಕುಗಳ ದಾಖಲೆಯ ಕಾಯದೆ ಮಾಡಿತು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1964ರ ಭೂಕಂದಾಯ ಕಾಯದೆ ಅದರ ಸ್ಥಾನಕ್ಕೆ ಬಂತು. ಎರಡರ ಮಾತೂ ಒಂದೇ: ಬೇರೆ ಪುರಾವೆ ಬರುವ ತನಕ ಉತಾರದ ಬರಹ ನಿಜವೆಂದು ಎಣಿಸಬೇಕು. ಪುರಾವೆ ಬಂದರೆ ಉತಾರ ಬೀಳುತ್ತದೆ.

ನಮ್ಮ ಭಾಗದ ಕಾಗದಗಳನ್ನು ಓದುವುದೂ ಸುಲಭವಲ್ಲ. ಖಾನಾಪುರದ ಒಂದೇ ಸರ್ವೆ ನಂಬರಿಗೆ ಅಜ್ಜನ ಕಾಲದ ಮೋಡಿ ಪತ್ರ, ತಂದೆಯ ಕಾಲದ ಬಾಳಬೋಧ ಮರಾಠಿಯ ವಾಟ್ನಿ ಪತ್ರ, ಇಂಗ್ಲಿಷಿನ ಕೋರ್ಟು ನಿಕಾಲೆ, ಕನ್ನಡದ ಉತಾರ, ಎಲ್ಲ ಒಂದೇ ಗಂಟಿನಲ್ಲಿರುವುದುಂಟು. ಅದರಲ್ಲಿ ಯಾವ ಭೂಮಿ ಹಿಂದೆ ಚಾಕರಿಯ ವತನವಾಗಿತ್ತೆಂಬುದನ್ನು ಕಂಡುಹಿಡಿಯಬೇಕು. ಕುಲಕರ್ಣಿ ವತನಗಳು 1950ರ ಕಾಯದೆಯಿಂದ, ಉಳಿದ ಗ್ರಾಮ ಚಾಕರಿಗಳು 1961ರ ಕಾಯದೆಯಿಂದ ರದ್ದಾದವು. ಮರಳಿ ಮಂಜೂರಾದ ಭೂಮಿಯ ಮಾರಾಟಕ್ಕೆ ನಿರ್ಬಂಧಗಳು ಬಂದವು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು 1978ರ ಕಾಯದೆ ಕಾಯುತ್ತದೆ. ಅನಗೋಳ, ವಡಗಾವಿ, ಮಜಗಾವಿಗಳ ಎಷ್ಟೋ ಬಡಾವಣೆಗಳು ಒಂದು ಕಾಲಕ್ಕೆ ಹೊಲಗಳು. ಅವು ಬಿನಶೇತ್ಕಿಯಾದ ಆದೇಶ ಕಣ್ಣಿಗೆ ಬೀಳಬೇಕು. ಕ್ಯಾಂಪಿನಲ್ಲಾದರೆ, 1832ರಲ್ಲಿ ಸ್ಥಾಪಿತವಾದ ಆ ದಂಡುಪ್ರದೇಶದ ಹಲವು ಬಂಗಲೆಗಳ ನೆಲ ಸರಕಾರದ್ದು. ಮಾರುವವನ ಕೈಯಲ್ಲಿರುವುದು ಗೋಡೆ ಮಾಡುಗಳು ಮಾತ್ರ. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಬೇರೆ ಇದೆ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಮಗಳೂ ಜನ್ಮತಃ ಪಾಲುದಾರಳು. ಅಣ್ಣತಮ್ಮಂದಿರು ಸಹಿ ಮಾಡಿ, ಗೋವೆಗೆ ಕೊಟ್ಟ ತಂಗಿಯನ್ನು ಮರೆತ ಖರೇದಿ ಪತ್ರ ನಾಳೆ ಕೋರ್ಟಿಗೆ ಹೋಗುವ ಪತ್ರ.

ಆದುದರಿಂದ ವಕೀಲರನ್ನು ಹುಡುಕುವಾಗ ಹೆಸರಿಗಿಂತ ರೂಢಿ ನೋಡಬೇಕು. ಫೌಜದಾರಿ ಕೋರ್ಟಿನಲ್ಲಿ ಗುಡುಗುವವರು ಇಲ್ಲಿ ಉಪಯೋಗಕ್ಕೆ ಬಾರರು. ದಿವಾಣಿ ಕೆಲಸದಲ್ಲಿ ನುರಿತ, ಮರಾಠಿ ಕಾಗದ ಓದಬಲ್ಲ, ಮೋಡಿ ಬಂದರೆ ಯಾರಿಂದ ಓದಿಸಬೇಕೆಂದು ಬಲ್ಲ ವಕೀಲರು ಬೇಕು. ಅವರು ಮಾರುವವರ ವಕೀಲರಾಗಿರಬಾರದು. ಒಂದು ಪಕ್ಷಕ್ಕೆ ಸಲಹೆಯಿತ್ತವರು ಅದೇ ವಿಷಯದಲ್ಲಿ ಎದುರು ಪಕ್ಷವನ್ನು ವಹಿಸಬಾರದೆಂದು ಬಾರ್ ಕೌನ್ಸಿಲಿನ ನಿಯಮವೇ ಇದೆ. “ಇಬ್ಬರಿಗೂ ಒಬ್ಬರೇ ಸಾಕು, ಖರ್ಚು ಕಡಿಮೆ” ಎಂಬ ದಲಾಲನ ಮಾತಿಗೆ ಕಿವಿಗೊಡಬಾರದು. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಎನ್ನುವವರುಂಟು; ಅವರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯೇ ಎಂದು.

ವಕೀಲರ ಬಳಿಗೆ ಹೋಗಬೇಕಾದುದು ಸಂಚಕಾರ ಕೊಡುವ ಮೊದಲು. ಆ ಶಬ್ದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿರುವುದು ಸುಮ್ಮನೆ ಅಲ್ಲವೇನೋ! ಮೂಲಪತ್ರಗಳನ್ನು ಅವರು ಕಣ್ಣಾರೆ ನೋಡಬೇಕು. ಕನಿಷ್ಠ 30 ವರ್ಷಗಳ ಋಣಭಾರ ಪತ್ರ ತೆಗೆಸಬೇಕು. ಅದರಲ್ಲಿ ಕಾಣದ ದಾವೆಗಳನ್ನು ಕೋರ್ಟಿನಲ್ಲಿ ವಿಚಾರಿಸಬೇಕು. ಮಾರುವವನು ಮುಖತ್ಯಾರ ಪತ್ರ ತೋರಿಸಿದರೆ ಕೊಟ್ಟವನು ಬದುಕಿದ್ದಾನೆಯೇ ಎಂದು ಕೇಳಬೇಕು. ಬರೀ ಮುಖತ್ಯಾರ ಪತ್ರದಿಂದ ಮಾಲ್ಕಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ತಕರಾರಿದ್ದವರು ತಿಳಿಸಿರೆಂದು ವಕೀಲರು ಕೊಡುವ ಜಾಹೀರ ನೋಟೀಸು ಇಂಥ ಪತ್ರಿಕೆಗಳ ಒಳಪುಟದಲ್ಲೇ ಬರುತ್ತದೆ. ನಾವದನ್ನು ಓದದೆ ಪುಟ ಮಗುಚುತ್ತೇವೆ. ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ “ಏನೂ ತೊಂದರೆ ಇಲ್ಲ” ಎಂಬುದಕ್ಕೆ ಫೀ ಕೊಡುವ ಅಗತ್ಯವಿಲ್ಲ.

ರಜಿಸ್ಟರಾದ ದಿನ ಪೇಢೆ ಹಂಚಿ ವಕೀಲರಿಗೆ ನಮಸ್ಕಾರ ಹೇಳುವುದು ರೂಢಿ. ಅವರ ಕೆಲಸ ಅಂದಿಗೆ ಮುಗಿದಿರುವುದಿಲ್ಲ. ಊರೊಳಗಿನ ಮನೆಯಾದರೆ ಸಿಟಿ ಸರ್ವೆಯಲ್ಲಿಯೂ ಮಹಾನಗರ ಪಾಲಿಕೆಯಲ್ಲಿಯೂ, ಖಾನಾಪುರದ ಹಳ್ಳಿಯದಾದರೆ ಪಂಚಾಯತಿಯ 9 ಮತ್ತು 11ನೆಯ ನಮೂನೆಗಳಲ್ಲಿಯೂ ಹೆಸರು ಬದಲಾಗಬೇಕು. ಅದಾಗದೆ ಹೋದರೆ ಮನೆಯಲ್ಲಿ ನೀವಿರುತ್ತೀರಿ, ದಫ್ತರದಲ್ಲಿ ಮಾರಿದವನೇ ಇರುತ್ತಾನೆ. ಅವನು ತೀರಿಕೊಂಡ ಮೇಲೆ ವಾರಸಾ ನೋಂದಿನ ಅರ್ಜಿ ಹಿಡಿದು ಅವನ ಮಕ್ಕಳು ಕಚೇರಿಗೆ ಬರುತ್ತಾರೆ.